ನೇಗಿಲಿಗೆ 100, ಕಾಗದಕ್ಕೆ 75

ಶಿರಸಿ ಕಡೆ ಈಗ ತೋಟಕ್ಕಿಂತ ಕೊಟ್ಟಿಗೆಯ ಅಟ್ಟಕ್ಕೇ ಬೇಡಿಕೆ ಜಾಸ್ತಿ. ಹೋಂಸ್ಟೇ ಗೋಡೆಗೆ ನೇಗಿಲು ಬೇಕು, ಹೋಟೆಲಿನ ಬಾಗಿಲಿಗೆ ನೊಗ ಬೇಕು. ಬೆಲೆ ಕಟ್ಟುವವರು ಕಾರು ಹತ್ತಿ ಮನೆ ಬಾಗಿಲಿಗೇ ಬರುತ್ತಾರೆ.

ನಮ್ಮಲ್ಲಿಗೂ ಒಬ್ಬರು ಬಂದರು. ಜಗಲಿಯಲ್ಲಿ ಕೂತು, ಪಾನಕ ಕುಡಿದು, ಹಿತ್ತಾಳೆ ಸೇರು ಎತ್ತಿಕೊಂಡರು. "ಮೈಸೂರು ಮಹಾರಾಜರ ಕಾಲದ್ದು" ಅಂದರು. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಇದ್ದದ್ದು ಮುಂಬೈ ಆಡಳಿತದಲ್ಲಿ! ಸೇರಿನ ಮೇಲೆ ಸರ್ಕಾರಿ ಮುದ್ರೆ ಇದ್ದರೆ ಜಾತಕ ಅಲ್ಲೇ ಸಿಗುತ್ತದೆ. ಇತ್ತು ಕೂಡ. ಆಯಿ, ಅಂದರೆ ನಮ್ಮಮ್ಮ, ಮದುವೆಯಾಗಿ ಬಂದಾಗಿನಿಂದ ಪ್ರತಿ ಹಬ್ಬಕ್ಕೂ ಹುಣಸೆಹಣ್ಣು ಹಾಕಿ ತಿಕ್ಕಿ, ಅದೀಗ ಸೊಳ್ಳೆ ಕಚ್ಚಿದ ಗುರುತಿನಷ್ಟು ಉಳಿದಿದೆ.

"ಅಯ್ಯೋ ಅಮ್ಮಾ, ತೊಳೆದು ತೊಳೆದು ಅರ್ಧ ಬೆಲೆ ಕಳೆದ್ರಲ್ಲ!"

ಪಾತ್ರೆ ಹೊಳೆಯಲಿಲ್ಲ ಅಂತ ಅತ್ತೆಯಿಂದ ಬೈಸಿಕೊಂಡವಳು ಆಯಿ. ಈಗ ಹೊಳೆದಿದ್ದಕ್ಕೆ ಬೈಸಿಕೊಂಡಳು.

ಆಮೇಲೆ ಮೆಟ್ಟುಗತ್ತಿ. ಅದೇ, ಮಣೆಗೆ ಕತ್ತಿ ನೆಟ್ಟಿರುತ್ತದೆ, ಕಾಲಲ್ಲಿ ಮೆಟ್ಟಿಕೊಂಡು ಅಡಕೆ ಸುಲಿಯುವುದು. "ತುಕ್ಕಿಲ್ಲ, ಇದಕ್ಕೆ ಏನೂ ಬರಲ್ಲ" ಎನ್ನುತ್ತಾ ಅಂಚಿನ ಮೇಲೆ ಬೆರಳಾಡಿಸಿದರು. ರಕ್ತ ಬಂತು.

ನಿಜಕ್ಕೂ ಹಳೇದನ್ನು ಗುರುತಿಸುವುದು ಅಂಥ ಕಷ್ಟವಲ್ಲ. ಕುಲುಮೆಯಲ್ಲಿ ಬಡಿದ ಕಬ್ಬಿಣದಲ್ಲಿ ಸುತ್ತಿಗೆ ಪೆಟ್ಟಿನ ತಗ್ಗು ಕಾಣುತ್ತದೆ, ದಪ್ಪ ಒಂದೇ ಸಮ ಇರುವುದಿಲ್ಲ. ಹಿಡಿ ನುಣ್ಣಗಾಗುವುದು ಕೈ ತಾಗುವಲ್ಲಿ ಮಾತ್ರ. ಎಲ್ಲ ಕಡೆ ನುಣ್ಣಗಿದ್ದರೆ ಅದು ಉಜ್ಜುಕಾಗದದ ದುಡಿಮೆ. ಎಲ್ಲ ಕಡೆ ಒಂದೇ ತುಕ್ಕು ಇದ್ದರೆ ಉಪ್ಪುನೀರಿನ ಮೇಲೆ ಅನುಮಾನ ಇಡಿ. ನಮ್ಮ ಪಕ್ಕದ ಮನೆಯವ ಹೊಸ ಕತ್ತಿಗಳನ್ನು ಗೊಬ್ಬರಗುಂಡಿಯಲ್ಲಿ ಹಣ್ಣಿಗೆ ಹಾಕಿದ್ದಾನೆ. ಆಚಾರಿಯೂ ಈಗ ಗಿರಾಕಿಯನ್ನು ಕೇಳುವುದು, "ಹೊಸದು ಬೇಕಾ, ಹಳೇದು ಮಾಡಿಕೊಡ್ಲಾ?" ಹಳೇದಾದರೆ ಒಂದು ಮಳೆಗಾಲ ತಡವಾಗುತ್ತದೆ, ಅಷ್ಟೇ.

ಕೊನೆಗೆ ನೇಗಿಲು. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಪುರಾವಸ್ತು ಅನ್ನಿಸಿಕೊಳ್ಳಲು ವಸ್ತುವಿಗೆ 100 ವರ್ಷ ತುಂಬಿರಬೇಕು. ಬೆಲೆಬಾಳುವ ಹಸ್ತಪ್ರತಿಗಾದರೆ 75 ಸಾಕು. ಕಪಾಟಿನಲ್ಲಿ ಮಲಗಿದ್ದ ಕಾಗದಕ್ಕೆ 25 ವರ್ಷ ರಿಯಾಯಿತಿ, ಕೆಸರಲ್ಲಿ ನಡೆದ ನೇಗಿಲಿಗೆ ಒಂದು ದಿನವೂ ಇಲ್ಲ. ಮಲೆನಾಡಿನ ಮಳೆಯಲ್ಲಿ ಮರದ ನೇಗಿಲು 100 ವರ್ಷ ಬಾಳಬೇಕೆಂದರೆ ಮೊದಲು ಒರಲೆ ಹುಳಕ್ಕೆ ಕಾಯ್ದೆ ಓದಿ ಹೇಳಬೇಕು. ಆ ಮನುಷ್ಯರಿಗೆ ಇದೆಲ್ಲ ತಲೆಬಿಸಿಯಿಲ್ಲ. ಒರಲೆ ತಿಂದ ತೂತು ಎಣಿಸಿ ರೇಟು ಏರಿಸಿದರು, ನೇಗಿಲು ಕಾರಿನ ಮೇಲೆ ಹೋಯಿತು.

ತಿಂಗಳ ಮೇಲೆ ಫೋನು. ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿ ದೀಪ ಕಟ್ಟಿದ್ದಾರಂತೆ, ಜನ ಬಹಳ ಮೆಚ್ಚಿದ್ದಾರಂತೆ. "ಪಕ್ಕದಲ್ಲಿ ಅಡಕೆ ಸುಲಿಯುತ್ತಾ ಕೂರೋಕೆ ಯಾರಾದರೂ ಬೇಕಿತ್ತು. ನಿಮ್ಮ ತಾಯಿಯವರನ್ನ ಕಳಿಸ್ತೀರಾ? ಹಳೇ ಸೀರೆ ಇದ್ದರೆ ಒಳ್ಳೇದು."

ಆಯಿಗೆ 78. ಒಳಗಿಂದಲೇ ಕೂಗಿದಳು: "ತಮಾ, ಕೇಳು ಅವರನ್ನ. ನನಗೆ ಕಾಗದದ ಲೆಕ್ಕವೋ, ನೇಗಿಲಿನ ಲೆಕ್ಕವೋ?"