ಸ್ಪಷ್ಟನೆ: ಜೆಬಿಡಿ2 ವೈರಸ್ ಅಲ್ಲ

ದಾವಣಗೆರೆಯ ಕಂಪ್ಯೂಟರ್ ರಿಪೇರಿಯವರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ. 'ಲಿನಕ್ಸ್‌ನಲ್ಲಿ ಐಓಟಾಪ್ (ಯಾವ ಪ್ರೋಗ್ರಾಂ ಡಿಸ್ಕ್ ಎಷ್ಟು ಬಳಸುತ್ತಿದೆ ಎಂದು ತೋರಿಸುವ ಸಾಧನ) ಹಾಕಿದಾಗ ಜೆಬಿಡಿ2 ಮೇಲೆ ಕಂಡರೆ ಅದು ವೈರಸ್, ಡಿಸ್ಕ್ ತಿನ್ನುತ್ತದೆ, ಕಿಲ್ ಮಾಡಿ, ಆಗದಿದ್ದರೆ ಜರ್ನಲ್ ತೆಗೆದುಬಿಡಿ' ಎಂದು. ಇದು ತಪ್ಪು.

ಜೆಬಿಡಿ2 ಎಂದರೆ ಇಎಕ್ಸ್‌ಟಿ4 ಫೈಲ್ ಸಿಸ್ಟಂನ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆ) ಜರ್ನಲ್, ಅಂದರೆ ಬದಲಾವಣೆಗಳ ದಾಖಲೆ, ಬರೆಯುವ ಕರ್ನಲ್ ಥ್ರೆಡ್, ಅಂದರೆ ಲಿನಕ್ಸ್ ತಿರುಳಿನದೇ ಒಂದು ಕೆಲಸ. ಅದನ್ನು ಕಿಲ್ ಮಾಡಲು ಆಗುವುದೇ ಇಲ್ಲ. ಬೇರೆ ಪ್ರೋಗ್ರಾಂಗಳು ಮಾಡಿದ ಬದಲಾವಣೆಯನ್ನು ಅದು ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ದಾಖಲಿಸುತ್ತದೆ. ಯಾವುದಾದರೂ ಪ್ರೋಗ್ರಾಂ 'ಈಗಲೇ ಡಿಸ್ಕಿಗೆ ಬರೆ' ಎಂದು ಪದೇ ಪದೇ ಎಫ್‌ಸಿಂಕ್ ಕರೆದರೆ ಇನ್ನೂ ಜಾಸ್ತಿ. ಅದನ್ನು ದೂರುವುದು, ಮಂಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತನನ್ನು ಹಿಡಿದು ಅಷ್ಟೂ ಮೆಕ್ಕೆಜೋಳ ಇವನೇ ಕೊಂಡ ಅಂದ ಹಾಗೆ, ಅಲ್ವಾ?

ನಿಜವಾಗಿ ಬರೆಯುತ್ತಿರುವವರನ್ನು ಹುಡುಕಲು ಐಓಟಾಪ್ ಅನ್ನು ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ, 'ಓ' (-o) ಮತ್ತು 'ಎ' (-a) ಆಯ್ಕೆ ಸೇರಿಸಿ ಹಾಕಿ. 'ಓ' ಕೆಲಸ ಮಾಡುತ್ತಿರುವವರನ್ನು ಮಾತ್ರ ತೋರಿಸುತ್ತದೆ, 'ಎ' ಶುರುವಿನಿಂದ ಒಟ್ಟು ಎಷ್ಟು ಎಂದು ಕೂಡಿಸುತ್ತದೆ. ಹತ್ತು ನಿಮಿಷ ಸುಮ್ನೆ ಬಿಟ್ಟು ನೋಡಿ. ಶೇಕಡಾ ಕಾಲಂ ನಂಬಬೇಡಿ, ಅದು ಡಿಸ್ಕಿಗಾಗಿ ಕಾಯುವ ಸಮಯ. ಡಿಸ್ಕ್ ರೈಟ್ ಕಾಲಂ ನೋಡಿ. ನನಗೆ ಹೆಚ್ಚಾಗಿ ಸಿಕ್ಕಿದ್ದು ಬ್ರೌಸರ್, ಡೇಟಾಬೇಸ್, ಲಾಗ್. ಯಾವ ಫೈಲ್ ಎಂದು ತಿಳಿಯಬೇಕಾದರೆ ಫ್ಯಾಟ್ರೇಸ್ ಎಂಬ ಸಾಧನ ಇದೆ.

ಜರ್ನಲ್ ತೆಗೆಯುವ ಸಲಹೆಯಂತೂ ಬೇಡವೇ ಬೇಡ. ನಡುವೆ ಕರೆಂಟ್ ಹೋದರೆ ಫೈಲ್ ಸಿಸ್ಟಂ ಕೆಡಬಹುದು.