ಬಟ್ಟೆಯ ಕೆರೆಗೆ ಹಾರಿದ ವೀರ

ಹತ್ತೊಂಬತ್ತನೇ ಶತಮಾನದ ಲಂಡನ್ನಿನವರಿಗೆ ಐರಿಷ್ ಮನುಷ್ಯ ಅಂದರೆ ಪಂಚಪ್ರಾಣ. ಷರತ್ತು ಒಂದೇ, ಅವನು ಸ್ಟೇಜ್ ಮೇಲಿರಬೇಕು. ಸ್ವಲ್ಪ ಕುಡಿದಿರಬೇಕು, ಒಂದು ಹಾಡು ಹೇಳಬೇಕು, ಯಾರಿಗಾದರೂ ಪ್ರಾಣ ಕೊಡಲು ರೆಡಿ ಇರಬೇಕು. ಪರದೆ ಬಿದ್ದ ಮೇಲೆ ಕೆಲಸ ಕೇಳಿಕೊಂಡು ಮನೆ ಬಾಗಿಲಿಗೆ ಮಾತ್ರ ಬರಬಾರದು. ಅದಕ್ಕೆಂದೇ ಪೇಪರಿನ ಜಾಹೀರಾತುಗಳಲ್ಲಿ ಒಂದು ಸಾಲು ಇರುತ್ತಿತ್ತು: ಐರಿಷ್‌ನವರು ಅರ್ಜಿ ಹಾಕುವುದು ಬೇಡ.

ಈ ಷರತ್ತುಗಳನ್ನೆಲ್ಲ ಅರೆದು ಕುಡಿದವನು ಡಯಾನ್ ಬೂಸಿಕೋ. ಡಬ್ಲಿನ್‌ನಲ್ಲಿ ಹುಟ್ಟಿದವನು. ನಾಟಕ ಬರೆಯುವವನೂ ಅವನೇ, ಆಡುವವನೂ ಅವನೇ. 1860ರಲ್ಲಿ ಮೊದಲು ನ್ಯೂಯಾರ್ಕಿನಲ್ಲಿ, ಆಮೇಲೆ ಲಂಡನ್ನಿನ ಅಡೆಲ್ಫಿ ಥಿಯೇಟರಿನಲ್ಲಿ 'ದಿ ಕಾಲೀನ್ ಬಾನ್' ಆಡಿದ. ದೊಡ್ಡ ಮನೆತನದ ನಾಯಕನ ವೇಷ ಬೇರೆಯವನಿಗೆ ಕೊಟ್ಟ. ಮೈಲ್ಸ್-ನಾ-ಕಾಪಲೀನ್ ವೇಷ ತಾನಿಟ್ಟುಕೊಂಡ. ಈ ಮೈಲ್ಸ್ ಕಳ್ಳಭಟ್ಟಿ ಕಾಯಿಸುವವನು, ಕದ್ದು ಬೇಟೆಯಾಡುವವನು. ಜಾಹೀರಾತಿನವರು ಬೇಡ ಅಂದಿದ್ದು ಇಂಥವನನ್ನೇ ಅಲ್ವಾ? ಟಿಕೆಟ್ ಕೊಂಡು ನೋಡಲು ಅವನೇ ಬೇಕು.

ಸೀನ್ ಕೇಳಿ. ರಾತ್ರಿ, ಗುಹೆ, ಕೆರೆ. ನಾಯಕ ಗುಟ್ಟಾಗಿ ಮದುವೆಯಾದ ಐಲಿ ಎಂಬ ಹುಡುಗಿಯನ್ನು ಅವನ ಆಳು ಡ್ಯಾನಿ ನೀರಿಗೆ ತಳ್ಳುತ್ತಾನೆ. ಭಟ್ಟಿ ನೋಡಿಕೊಂಡು ಹೋಗಲು ಬಂದ ಮೈಲ್ಸ್, ಡ್ಯಾನಿಯನ್ನು ನೀರುನಾಯಿ ಅಂದುಕೊಂಡು ಗುಂಡು ಹೊಡೆಯುತ್ತಾನೆ. ಆಮೇಲೆ ಐಲಿ ಕಣ್ಣಿಗೆ ಬಿದ್ದು, ಬಂಡೆ ಮೇಲಿಂದ ತಲೆಕೆಳಗಾಗಿ ಧುಮುಕುತ್ತಾನೆ. ಕೆರೆ ಅಂದರೆ ತೆಳ್ಳನೆಯ ನೀಲಿ ಬಟ್ಟೆ, ಅಲೆ ಅಂದರೆ ಅದನ್ನು ಅಲ್ಲಾಡಿಸುವ ಹುಡುಗರು. ಲಂಡನ್ನಿನಲ್ಲಿ ಇನ್ನೂರಕ್ಕೂ ಹೆಚ್ಚು ರಾತ್ರಿ ಬೂಸಿಕೋ ಹೀಗೇ ಹಾರಿದ. ವಿಕ್ಟೋರಿಯಾ ರಾಣಿ ಮೂರು ಸಲ ಬಂದು ನೋಡಿದರು. ಅದೇ ರಾಣಿಯ ಆಳ್ವಿಕೆಯಲ್ಲಿ, 1845ರಲ್ಲಿ ಶುರುವಾದ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಐರಿಷ್ ಜನ ಸತ್ತಿದ್ದರು. ಪಾಪ, ಅವರು ಬಟ್ಟೆಯ ಕೆರೆಯಲ್ಲಿ ಮುಳುಗಿರಲಿಲ್ಲ.

ಈ ನಾಟಕಕ್ಕೆ ಮೂಲವಾದ ಅಸಲಿ ಹುಡುಗಿಯ ಹೆಸರು ಎಲೆನ್ ಹ್ಯಾನ್ಲಿ. 1819ರಲ್ಲಿ, ಗಂಡ ಹೇಳಿದ ಅಂತ ಅವನ ಆಳು ಅವಳನ್ನು ಕೊಂದು ಶಾನನ್ ನದಿಗೆ ಹಾಕಿದ. ಯಾವ ಮೈಲ್ಸೂ ಹಾರಲಿಲ್ಲ. ಹೆಣ ದಡಕ್ಕೆ ಬಂತು. ಗಂಡನಿಗೂ ಆಳಿಗೂ ಗಲ್ಲಾಯಿತು. ನಾಟಕದಲ್ಲಿ ಆ ಗಂಡನೇ ಹೀರೊ, ಪಾಪ, ಅವನಿಗೆ ಏನೂ ಗೊತ್ತೇ ಇರಲಿಲ್ಲವಂತೆ! ಐಲಿಯನ್ನು ಪ್ರೀತಿಸಿ, ಕಾಪಾಡಿ, ಕೊನೆಗೆ ಅವಳನ್ನು ಆ ಗಂಡನ ಕೈಗೇ ಒಪ್ಪಿಸಿ ಪಕ್ಕಕ್ಕೆ ಸರಿದು ನಿಲ್ಲುವವನು ಮೈಲ್ಸ್. ಭೇಷ್ ಅಂದರು ಲಂಡನ್ನಿನವರು.

ಬೂಸಿಕೋ ಸುಮ್ನೆ ಕೂರುವ ಆಸಾಮಿಯಲ್ಲ. 1874ರಲ್ಲಿ, ಐವತ್ತು ದಾಟಿದ ಮೇಲೆ, 'ದಿ ಶಾಕ್ರಾನ್' ನಾಟಕದಲ್ಲಿ ಕಾನ್ ಎಂಬ ಪುಂಡ ಹುಡುಗನ ವೇಷ ಹಾಕಿದ. ಈ ಕಾನ್ ಸತ್ತವನಂತೆ ಮಲಗಿ, ತನ್ನ ಸಾವಿಗೆ ಅಳಲು ಬಂದವರ ವಿಸ್ಕಿಯನ್ನೇ ಕದ್ದು ಕುಡಿಯುತ್ತಾನೆ. ಅದೇ ನಾಟಕದಲ್ಲಿ ಜೈಲಿನಿಂದ ತಪ್ಪಿಸಿಕೊಂಡು ಬಂದ ಒಬ್ಬ ಫೀನಿಯನ್, ಅಂದರೆ ಬ್ರಿಟಿಷ್ ಆಳ್ವಿಕೆಯಿಂದ ಐರ್ಲೆಂಡನ್ನು ಬಿಡಿಸಲು ಹೊರಟ ಬಂಡಾಯಗಾರ, ಇದ್ದಾನೆ. ರಾಣಿ ಕ್ಷಮಾದಾನ ಕೊಟ್ಟಳು ಅಂತ ಸುದ್ದಿ ಬರುತ್ತದೆ, ಎಲ್ಲ ಸುಖಾಂತ. ಮರುವರ್ಷ ಲಂಡನ್ನಿನಲ್ಲೂ ಇದಕ್ಕೆ ಭಾರಿ ಚಪ್ಪಾಳೆ.

ಚಪ್ಪಾಳೆಯನ್ನು ಬೂಸಿಕೋ ನಿಜವೆಂದೇ ನಂಬಿಬಿಟ್ಟನೋ ಏನೋ. 1876ರಲ್ಲಿ ಪ್ರಧಾನಿ ಡಿಸ್ರೇಲಿಗೆ ಬಹಿರಂಗ ಪತ್ರ ಬರೆದ: ಜೈಲಿನಲ್ಲಿರುವ ಅಸಲಿ ಫೀನಿಯನ್ನರನ್ನೂ ಬಿಟ್ಟುಬಿಡಿ. ಆ ವರ್ಷ ಜೈಲಿನ ಬಾಗಿಲು ತೆರೆಯಲಿಲ್ಲ. ಥಿಯೇಟರಿನ ಬಾಗಿಲು ಮಾತ್ರ ಎಂದಿನಂತೆ ಸಂಜೆ ಹೊತ್ತಿಗೆ ತೆರೆಯಿತು.