ಮೊಡವೆಯೂ ಮೊಲದ ಕಿವಿಯೂ

ಮೂಗಿನ ತುದಿಯಲ್ಲಿ ಮೊಡವೆಯೊಂದು ಎದ್ದಿತೆಂದರೆ ಜನ ನಮ್ಮನ್ನು ಬಿಟ್ಟು ಅದರೊಡನೆ ಮಾತನಾಡಲು ಶುರು ಮಾಡುತ್ತಾರೆ. ಕಣ್ಣಿಗೆ ಕಣ್ಣು ಕೊಟ್ಟು ಕುಶಲ ಕೇಳಿದವರ ದೃಷ್ಟಿ ಎರಡನೆಯ ವಾಕ್ಯಕ್ಕೇ ಜಾರಿ ಕೆಳಗಿಳಿಯುತ್ತದೆ. ಮೂರನೆಯ ವಾಕ್ಯಕ್ಕೆ ‘ಇದೇನಿದು?’ ಎಂಬ ಪ್ರಶ್ನೆ. ಏನೆಂದು ಅವರಿಗೆ ಗೊತ್ತಿಲ್ಲವೇ? ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಮೂಗಿನ ಮೇಲಿನದಕ್ಕೆ ಬೇಕು, ಒಪ್ಪಿದೆ. ಆದರೆ ಆ ಕನ್ನಡಿಯ ಕೆಲಸವನ್ನು ಪರಿಚಿತರೆಲ್ಲ ಸರದಿಯ ಮೇಲೆ ವಹಿಸಿಕೊಳ್ಳಿ ಎಂದು ನಾನಂತೂ ಯಾರನ್ನೂ ಕೇಳಿಕೊಂಡಿಲ್ಲ. ಜೊತೆಗೆ ‘ಈ ವಯಸ್ಸಿನಲ್ಲಿ ಮೊಡವೆಯೇ?’ ಎಂಬ ಅಚ್ಚರಿ ಬೇರೆ. ಹದಿಹರೆಯ ಮುಗಿದ ದಿನ ಚರ್ಮದಲ್ಲಿ ಜಿಡ್ಡು ಒಸರುವ ಮೇದೋಗ್ರಂಥಿಗಳಿಗೆ ಯಾರೂ ನಿವೃತ್ತಿಯ ಆದೇಶ ಕಳುಹಿಸುವುದಿಲ್ಲ. ಮೂವತ್ತರಲ್ಲೂ ನಲವತ್ತರಲ್ಲೂ ಮೊಡವೆ ಏಳುತ್ತದೆ. ಆ ವಯಸ್ಸಿನಲ್ಲಿ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು.

ಅಚ್ಚರಿಯ ಬೆನ್ನಿಗೇ ಚಿಕಿತ್ಸೆ. ‘ಮುಖ ಚೆನ್ನಾಗಿ ತೊಳೆಯಿರಿ’ ಎನ್ನುವವರು ಮೊದಲಿಗರು. ನೀವು ತೊಳೆಯುವುದಿಲ್ಲ ಎಂಬ ಆರೋಪ ಈ ಸಲಹೆಯ ಹೊಟ್ಟೆಯಲ್ಲೇ ಇದೆ. ಇದರಷ್ಟು ನನ್ನನ್ನು ಕೆರಳಿಸುವ ಮಾತು ಇನ್ನೊಂದಿಲ್ಲ. ಮೊಡವೆ ಕೊಳೆಯಿಂದ ಹುಟ್ಟುವುದಿಲ್ಲ. ಹಾರ್ಮೋನುಗಳ ಅಪ್ಪಣೆಯಂತೆ ಒಸರುವ ಜಿಡ್ಡೂ ಉದುರಿಹೋಗದೆ ಅಂಟಿಕೊಂಡ ಸತ್ತ ಜೀವಕೋಶಗಳೂ ಸೇರಿ ರೋಮಕೂಪದ ಬಾಯಿ ಕಟ್ಟಿದಾಗ ಅದು ಹುಟ್ಟುತ್ತದೆ. ಎಲ್ಲರ ಚರ್ಮದಲ್ಲೂ ಬಾಡಿಗೆ ಕೊಡದೆ ವಾಸವಿರುವ ಒಂದು ಬ್ಯಾಕ್ಟೀರಿಯಾ ಆ ಜಿಡ್ಡಿನಲ್ಲಿ ಕೊಬ್ಬುತ್ತದೆ, ಉರಿಯೂತ ಏಳುತ್ತದೆ. ಬ್ಲ್ಯಾಕ್‌ಹೆಡ್‌ನ ಕಪ್ಪು ಕೂಡ ಕೊಳೆಯಲ್ಲ. ತೆರೆದ ರಂಧ್ರದ ಬಾಯಲ್ಲಿ ಕುಳಿತ ಪದಾರ್ಥ ಗಾಳಿ ತಾಗಿ ಕಪ್ಪಾಗಿರುತ್ತದೆ, ಅದರಲ್ಲಿ ಚರ್ಮಕ್ಕೆ ಬಣ್ಣ ಕೊಡುವ ನಮ್ಮದೇ ಮೆಲನಿನ್ ಇರುತ್ತದೆ. ಅದನ್ನು ತಿಕ್ಕಿ ತೆಗೆಯಲು ಹೊರಟವರಿಗೆ ದಕ್ಕುವುದು ಕೆಂಪು ಮೂಗು. ದಿನಕ್ಕೆರಡು ಬಾರಿ, ಬೆವರಿದ ಮೇಲೆ ಇನ್ನೊಮ್ಮೆ, ಸೌಮ್ಯವಾದ ಫೇಸ್‌ವಾಶ್, ಉಗುರುಬೆಚ್ಚಗಿನ ನೀರು, ಬೆರಳ ತುದಿ. ಮುಗಿಯಿತು. ಆರೋಗ್ಯವಾಗಿರುವ ಚರ್ಮದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 5ರ ಆಸುಪಾಸು, ತುಸು ಆಮ್ಲದ ಕಡೆಗೆ. ಮಾಮೂಲಿ ಸಾಬೂನಿನದು 9–10, ಅಪ್ಪಟ ಕ್ಷಾರ. ಹಾಗಿರುವಾಗ ಅದನ್ನೇ ಇನ್ನೂ ನಾಲ್ಕು ಸಲ ಉಜ್ಜಿ ಎನ್ನುವುದು ಯಾವ ನ್ಯಾಯ? ಟೂತ್‌ಪೇಸ್ಟಿನ ಪಕ್ಷದವರ ವಿಷಯ ಎತ್ತುವುದೇ ಬೇಡ. ಹಲ್ಲಿಗೆಂದು ಮಾಡಿದ್ದನ್ನು ಕೆನ್ನೆಗೆ ಹಚ್ಚಿ ಚರ್ಮ ಸುಟ್ಟುಕೊಂಡವರೇ ಅದನ್ನು ಪರರಿಗೆ ಶಿಫಾರಸು ಮಾಡುವುದನ್ನು ಕಂಡಿದ್ದೇನೆ.

ನಿತ್ಯದ ಅಭ್ಯಾಸಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು ಎಂದು ಬಹಳ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದೇನೆ. ಅದನ್ನು ಹೇಳಲೆಂದೇ ಕುಳಿತದ್ದು. ಅದಕ್ಕೂ ಮೊದಲು ಮಾಯಿಶ್ಚರೈಸರ್ ಬಾಟಲಿಯ ಹಿಂಬದಿಯ ಸಣ್ಣ ಅಕ್ಷರಗಳ ಬಗ್ಗೆ ಎರಡು ಮಾತು ಆಡಿಬಿಡುತ್ತೇನೆ. ಜಿಡ್ಡಿನ ಚರ್ಮದವರಿಗೂ ಮಾಯಿಶ್ಚರೈಸರ್ ಬೇಕು. ಮೊಡವೆಯ ಔಷಧಗಳು ಚರ್ಮವನ್ನು ಒಣಗಿಸುವುದರಿಂದ ಇನ್ನೂ ಬೇಕು. ಕೊಳ್ಳುವಾಗ ‘ನಾನ್‌ಕಾಮೆಡೋಜೆನಿಕ್’ ಎಂದಿದೆಯೇ ನೋಡಿಕೊಳ್ಳಿ, ಅದು ರಂಧ್ರಗಳನ್ನು ಕಟ್ಟುವುದಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಕಟ್ಟುವುದಿಲ್ಲ ಎಂದು ಗೊತ್ತಾದದ್ದು ಹೇಗೆ, ಯಾರು ಇಣುಕಿ ನೋಡಿದರು ಎಂದು ಹುಡುಕುತ್ತ ಹೋದರೆ ಕೊನೆಗೆ ಎದುರಾಗುವುದು ಒಂದು ಮೊಲ.

ಮೊಲದ ಕಿವಿಯ ಒಳಮೈಯಲ್ಲಿ ಮೇದೋಗ್ರಂಥಿಗಳಿರುವ ರೋಮಕೂಪಗಳು ಧಾರಾಳವಾಗಿವೆ. ಕಾರ್ಖಾನೆಯ ರಾಸಾಯನಿಕಗಳಿಂದ ಕಾರ್ಮಿಕರಿಗೆ ಮೊಡವೆಯಂಥ ಗುಳ್ಳೆಗಳು ಏಳುತ್ತಿದ್ದುದರ ಕಾರಣ ಹುಡುಕಲು 1940ರ ದಶಕದಲ್ಲೇ ಈ ಕಿವಿಗಳ ಮೊರೆ ಹೋಗಲಾಗಿತ್ತು. 1972ರಲ್ಲಿ ಅಮೆರಿಕದ ಚರ್ಮ ಸಂಶೋಧಕರಾದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಒಟ್ಟೊ ಮಿಲ್ಸ್, ಪ್ರಸಾಧನಗಳಿಂದಲೇ ಬರುವ ಮೊಡವೆಯ ಕುರಿತ ಪ್ರಬಂಧದಲ್ಲಿ ಇದೇ ಪರೀಕ್ಷೆಯನ್ನು ಕ್ರೀಮುಗಳಿಗೂ ತಂದರು. ಕ್ರಮ ಸರಳ: ಪರೀಕ್ಷಿಸಬೇಕಾದ ವಸ್ತುವನ್ನು ಮೊಲದ ಕಿವಿಯೊಳಗೆ ದಿನದಿನವೂ ಬಳಿಯುವುದು, ಕೆಲವು ವಾರಗಳ ಮೇಲೆ ರೋಮಕೂಪಗಳು ಎಷ್ಟು ಕಟ್ಟಿಕೊಂಡಿವೆ ಎಂದು ನೋಡಿ ಅಂಕ ಕೊಡುವುದು. ಮುಂದೆ ಬಂದವರು ಸೊನ್ನೆಯಿಂದ ಐದರವರೆಗೆ ಅಂಕ ಹಾಕಿದ ಉದ್ದುದ್ದ ಪಟ್ಟಿಗಳನ್ನೇ ತಯಾರಿಸಿದರು. ಐಸೊಪ್ರೊಪೈಲ್ ಮಿರಿಸ್ಟೇಟ್ ಎಂಬ ಪದಾರ್ಥ ಪಾಪ ಆ ಪಟ್ಟಿಗಳ ಖಾಯಂ ಖಳನಾಯಕ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯ ಎಮ್ಮೆಗಾದರೂ ಬರೆ ಒಮ್ಮೆ ಬಿದ್ದು ಮುಗಿಯಿತು. ಈ ಮೊಲ ನೋಡಿ. ಅದಕ್ಕೆ ಮುಖ ಹೊಳೆಯಬೇಕೆಂಬ ಆಸೆಯಿಲ್ಲ, ಹೋಗಬೇಕಾದ ಮದುವೆಯಿಲ್ಲ, ಹಚ್ಚಿದ್ದು ತನಗೆ ಹಿಡಿಸಲಿಲ್ಲ ಎಂದು ಹೇಳಲು ಬಾಯಿಯೂ ಇಲ್ಲ. ಪ್ರತಿದಿನ ಯಾರೋ ಬರುತ್ತಾರೆ, ಕಿವಿ ಹಿಡಿಯುತ್ತಾರೆ, ಲಿಪ್‌ಸ್ಟಿಕ್ಕಿನ ಬಣ್ಣವನ್ನೋ ಯಾವುದೋ ಮೇಣವನ್ನೋ ಒಳಗೆ ಸವರಿ ಹೋಗುತ್ತಾರೆ. ಅಷ್ಟನ್ನೆಲ್ಲ ಸಹಿಸಿ ಅದು ಕೊಟ್ಟ ತೀರ್ಪಾದರೂ ನಮಗೆ ಒಪ್ಪುತ್ತದೆಯೇ? ಮೊಲದ ಕಿವಿ ನಮ್ಮ ಕೆನ್ನೆಗಿಂತ ಬಹಳ ಸೂಕ್ಷ್ಮ. ಅಲ್ಲಿ ಕಟ್ಟಿಸಿದ್ದು ಇಲ್ಲಿ ಕಟ್ಟಿಸಲೇಬೇಕೆಂದಿಲ್ಲ. ಅಪ್ಪಟ ರೂಪದಲ್ಲಿ ಬಳಿದಾಗ ನಾಲ್ಕು ಅಂಕ ಪಡೆದ ವಸ್ತು ಕ್ರೀಮಿನಲ್ಲಿ ಶೇಕಡಾ ಒಂದರಷ್ಟಿದ್ದರೆ ಏನೂ ಮಾಡದೇ ಇರಬಹುದು. ಇದು ಅರಿವಾಗಿಯೇ ಕ್ಲಿಗ್‌ಮನ್ ಮತ್ತು ಮಿಲ್ಸ್ ಮುಂದೆ ಮನುಷ್ಯರ ಬೆನ್ನಿನ ಮೇಲೂ ಪರೀಕ್ಷೆ ನಡೆಸಿದರು. ಇದೇ ಕ್ಲಿಗ್‌ಮನ್ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಚರ್ಮದ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದವರು ಎಂದು ಓದಿದ ಮೇಲೆ, ಮೊಲದ ಪರವಾಗಿ ಉಕ್ಕಿ ಬಂದಿದ್ದ ನನ್ನ ಸಿಟ್ಟು ಇನ್ನೂ ದೊಡ್ಡ ಕಡೆಗೆ ತಿರುಗಿತು. ಅದನ್ನು ಇಲ್ಲಿ ಬಿಚ್ಚಿದರೆ ಪ್ರಬಂಧ ಲಲಿತವಾಗಿ ಉಳಿಯುವುದಿಲ್ಲ. ಮೊಲದ ಅಂಕಪಟ್ಟಿಗಳು ಮಾತ್ರ ಇಂದಿಗೂ ಕೈಯಿಂದ ಕೈಗೆ ದಾಟುತ್ತಿವೆ, ಮೊಲದ ಹೆಸರು ಬಿಟ್ಟು. ಬಾಟಲಿಯ ಮೇಲಿನ ಆ ಮಾತಿಗೆ ಎಲ್ಲರೂ ಪಾಲಿಸಲೇಬೇಕಾದ ಒಂದು ಪರೀಕ್ಷೆ ಎಂಬುದೂ ಇಲ್ಲ. ಅಮೆರಿಕದ ಔಷಧ ಆಡಳಿತವೇ ಅದಕ್ಕೆ ವ್ಯಾಖ್ಯೆ ಕೊಟ್ಟಿಲ್ಲ. ಹಾಗೆಂದು ಅದನ್ನು ಕಡೆಗಣಿಸಿ ಎನ್ನುವ ಧೈರ್ಯ ನನಗೂ ಇಲ್ಲ. ಎರಡು ಬಾಟಲಿ ಎದುರಿಗಿಟ್ಟರೆ ಆ ಅಕ್ಷರಗಳಿರುವುದನ್ನೇ ಎತ್ತಿಕೊಳ್ಳುತ್ತೇನೆ.

ಮುಖ್ಯ ಅಭ್ಯಾಸದ ಮಾತು ಅಲ್ಲೇ ಉಳಿಯಿತು. ಸನ್‌ಸ್ಕ್ರೀನ್ ಎನ್ನೋಣವೇ? ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನದು, ಬೆಳಗ್ಗೆ. ಮೊಡವೆ ಹೋದ ಮೇಲೂ ಉಳಿಯುವ ಕಪ್ಪು ಕಲೆ ಬಿಸಿಲಿಗೆ ಇನ್ನಷ್ಟು ಗಾಢವಾಗುತ್ತದೆ. ಶ್ಯಾಮಲ ಚರ್ಮದಲ್ಲಂತೂ ತಿಂಗಳುಗಟ್ಟಲೆ ಕದಲುವುದಿಲ್ಲ. ಬಹಳ ಜನಕ್ಕೆ ಮೊಡವೆಗಿಂತ ಅದೇ ದೊಡ್ಡ ಕೊರಗು. ಅಥವಾ ಕಡಿಮೆ ಹಚ್ಚುವುದೇ ಮುಖ್ಯ ಅಭ್ಯಾಸವೋ? ಮೊಡವೆಗೆ ಹಚ್ಚುವ ಬೆನ್ಜಾಯಿಲ್ ಪೆರಾಕ್ಸೈಡ್ ಎಂಬ ಔಷಧದಲ್ಲಿ ಶೇಕಡಾ 2.5ರದ್ದು ಮಾಡುವ ಕೆಲಸವನ್ನೇ ಶೇಕಡಾ 10ರದ್ದೂ ಮಾಡುತ್ತದೆ, ಉರಿ ಮಾತ್ರ ಹೆಚ್ಚು. ನನ್ನ ನೀಲಿ ದಿಂಬಿನ ಹೊದಿಕೆಯ ಮೇಲೆ ಬಿಳಿಚಿಕೊಂಡ ಒಂದು ಮಚ್ಚೆಯಿದೆ, ಸರಿಯಾಗಿ ಎಡಗೆನ್ನೆ ಒರಗುವ ಕಡೆ, ಅಂಚು ಕಿತ್ತಳೆ ಬಣ್ಣಕ್ಕೆ ತಿರುಗಿ. ಬಟ್ಟೆಯ ಬಣ್ಣವನ್ನೇ ತೆಗೆಯುವ ವಸ್ತು ಅದು. ಎ ಜೀವಸತ್ವದ ಬಳಗದ ಔಷಧವಾದ ರೆಟಿನಾಯ್ಡ್ ಆದರೆ ರಾತ್ರಿ, ಬಟಾಣಿ ಕಾಳಿನಷ್ಟು, ಇಡೀ ಮುಖಕ್ಕೆ. ಎದ್ದ ಮೊಡವೆಯ ತಲೆಗೆ ಮಾತ್ರ ಬೊಟ್ಟಿಟ್ಟರೆ ಸಾಲದು, ಏಳಲು ಹವಣಿಸುತ್ತಿರುವವುಗಳಿಗೂ ತಲುಪಬೇಕು. ಮೊದಲ ಕೆಲವು ವಾರ ಮುಖ ಮೊದಲಿಗಿಂತ ಕೆಡಬಹುದು; ಫಲ ಕಾಣಲು 8ರಿಂದ 12 ವಾರ. ಆದರೆ ನಾಲ್ಕನೆಯ ದಿನಕ್ಕೇ ಟ್ಯೂಬನ್ನು ಮೂಲೆಗೆಸೆದು ಹೊಸದನ್ನು ತರುವವರಿಂದಲೇ ಈ ವ್ಯಾಪಾರ ನಡೆಯುತ್ತಿದೆ ಎಂಬುದು ನನ್ನ ಗುಮಾನಿ. ಚರ್ಮದಾಳದಲ್ಲಿ ಗಂಟು ಕಟ್ಟಿ ನೋಯುವ, ಗುಳಿ ಬಿಟ್ಟು ಹೋಗುವ ಮೊಡವೆಗಳದ್ದು ಬೇರೆಯೇ ದಾರಿ; ಅವನ್ನು ಚರ್ಮವೈದ್ಯರಿಗೆ ತೋರಿಸಬೇಕು, ಬೇಗ. ಗರ್ಭಿಣಿಯರಿಗೂ ಗರ್ಭಧಾರಣೆಯ ಯೋಚನೆಯಲ್ಲಿರುವವರಿಗೂ ರೆಟಿನಾಯ್ಡ್ ಸಲ್ಲದು ಎಂಬುದನ್ನೂ ಅವರೇ ಹೇಳುತ್ತಾರೆ.

ಇವೆಲ್ಲ ಸರಿ. ಇವನ್ನೆಲ್ಲ ತಪ್ಪದೆ ಪಾಲಿಸಿದ ಮುಖದ ಮೇಲೂ ಕೈ ಹೋಗುತ್ತದಲ್ಲ, ಅದಕ್ಕೇನು ಮಾಡುವುದು? ಪುಸ್ತಕ ಓದುವಾಗ ಬಲಗೈ ಪುಟದ ಮೇಲಿದ್ದರೆ ಎಡಗೈ ತಾನಾಗಿ ಗದ್ದದ ಗಸ್ತು ಹೊರಡುತ್ತದೆ. ತೋರುಬೆರಳು ತಡವಿ ಉಬ್ಬೊಂದನ್ನು ಪತ್ತೆ ಮಾಡುತ್ತದೆ, ಹೆಬ್ಬೆರಳು ನೆರವಿಗೆ ಬರುತ್ತದೆ. ಹಿಸುಕಿದರೆ ಒಳಗಿನದು ಹೊರಗೆ ಬರುವಷ್ಟೇ ಸುಲಭವಾಗಿ ಇನ್ನೂ ಒಳಗೂ ಹೋಗುತ್ತದೆ, ಕಲೆ ನಿಲ್ಲುತ್ತದೆ ಎಂಬುದು ತಲೆಗೆ ಗೊತ್ತು. ಬೆರಳಿಗೆ ಗೊತ್ತಿಲ್ಲ. ಸ್ನಾನದ ಮನೆಗಳಲ್ಲಿ ಆ ದೊಡ್ಡದಾಗಿ ತೋರಿಸುವ ಕನ್ನಡಿಗಳನ್ನು ನೆಡುವವರ ಮೇಲೆ ನನಗೆ ನಿಜವಾಗಿಯೂ ಕೋಪವಿದೆ. ರಂಧ್ರಗಳು ಬಾವಿಗಳಾಗಿ ಕಾಣುವ ಕನ್ನಡಿಯಿಂದ ಯಾವ ಗೃಹಸ್ಥನಿಗೆ ಏನು ಉಪಕಾರ? ಈಗ ಮೊಡವೆಗೆಂದೇ ಹೈಡ್ರೊಕೊಲಾಯ್ಡ್‌ನ ಪುಟ್ಟ ಪಾರದರ್ಶಕ ಪಟ್ಟಿಗಳು ಬಂದಿವೆ. ತಲೆ ಬಿಟ್ಟ ಮೊಡವೆಯ ಸ್ರಾವವನ್ನು ಅವು ಹೀರುತ್ತವೆ, ನಿಜ. ಆದರೆ ಅವುಗಳ ದೊಡ್ಡ ಗುಣವೆಂದರೆ ಉಗುರಿಗೂ ಮೊಡವೆಗೂ ನಡುವೆ ಅಡ್ಡ ನಿಲ್ಲುವುದು. ನಾನೂ ಅಂಟಿಸಿಕೊಳ್ಳುತ್ತೇನೆ. ಅಂಟಿಸಿದ ಅರ್ಧ ಗಂಟೆಗೆಲ್ಲ ಬೆರಳು ಹೋಗಿ ಪಟ್ಟಿಯ ಅಂಚನ್ನು ಎಬ್ಬಲು ಶುರು ಮಾಡುತ್ತದೆ, ಅದು ಬೇರೆ ಮಾತು.